ಮನೇಲಿ ಮಾಡಿದ ಬಿಯರ್‌ಗೆ ಆಸ್ಪತ್ರೆ ವಾಸನೆ: ಅನುಭವ ಇರೋರು ಸ್ವಲ್ಪ ಹೇಳಿ

ಮಲ್ಲೇಶ್ವರಂ, ಮೂರನೇ ಮಹಡಿ:

ನಮಸ್ಕಾರ ಎಲ್ಲರಿಗೂ. ಡಿಸೆಂಬರ್‌ನಿಂದ ಈಚೆಗೆ ಮನೇಲಿ ನಾಲ್ಕು ಸಲ ಬಿಯರ್ ಮಾಡಿದ್ದೀನಿ, ಒಂದೊಂದು ಸಲವೂ 20 ಲೀಟರ್. ಮೊದಲನೇದು ಚೆನ್ನಾಗೇ ಬಂತು. ನಮ್ಮ ಭಾವಮೈದ ಎರಡನೇ ಗ್ಲಾಸನ್ನ ತಾನಾಗೇ ಕೇಳಿದ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿರಲಿಲ್ಲ. ಫೆಬ್ರವರಿಯಿಂದ ಗ್ರಹಚಾರ ಶುರುವಾಯ್ತು. ಎರಡನೇದಕ್ಕೂ ಮೂರನೇದಕ್ಕೂ ಆಸ್ಪತ್ರೆ ವರಾಂಡದ ವಾಸನೆ. ಗಾಯದ ಮೇಲಿನ ಪಟ್ಟಿ ಕಿತ್ತಾಗ ಬರುತ್ತಲ್ಲ, ಅದೇ. ಏಪ್ರಿಲ್‌ನಲ್ಲಿ ಮಾಡಿದ ನಾಲ್ಕನೇದಕ್ಕೆ ಆಸ್ಪತ್ರೆ ಜೊತೆಗೆ ಹಸಿರು ಸೇಬು ಕೊಯ್ದ ಹಾಗೆ ಒಂದು ಹಸಿ ವಾಸನೆ. ನುಂಗಿದ ಮೇಲೆ ನಾಲಿಗೆಯೆಲ್ಲ ಒಗರು, ಬಲಿಯದ ಬಾಳೆಕಾಯಿ ಅಗಿದ ಹಾಗೆ.

ಮಾಡೋ ಕ್ರಮ ಇದು: ನಾಲ್ಕೂವರೆ ಕೆಜಿ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮಿಕ್ಸಿಗೆ ಹಾಕಿ ತರಿ ಮಾಡ್ಕೋತೀನಿ. ನಲ್ಲಿ ನೀರಲ್ಲಿ 67 ಡಿಗ್ರಿಗೆ ಒಂದು ಗಂಟೆ ನೆನೆಸಿ, ಸೋಸಿ, ಹಾಪ್ಸ್ (ಕಹಿ ಕೊಡೋ ಒಣ ಹೂವು) ಹಾಕಿ ಇನ್ನೊಂದು ಗಂಟೆ ಕುದಿಸ್ತೀನಿ. ಐಸ್ ಟಬ್‌ನಲ್ಲಿಟ್ಟು ಆರಿಸಿ ಯುಎಸ್-05 ಯೀಸ್ಟ್ ಒಂದು ಪ್ಯಾಕೆಟ್ ಉದುರಿಸ್ತೀನಿ. ಬಕೆಟ್ ಸ್ಟೋರ್ ರೂಮ್‌ನಲ್ಲಿರುತ್ತೆ, ಏಳನೇ ದಿನ ಬಾಟಲಿ ತುಂಬ್ತೀನಿ. ಡಿಸೆಂಬರ್‌ನಲ್ಲೂ ಇದೇ ಕ್ರಮ, ಇದೇ ಮಾಲ್ಟ್, ಇದೇ ಯೀಸ್ಟ್. ಮಾಲ್ಟ್ ಈ ಸಲ ಹಳೇ ಸ್ಟಾಕ್ ಕಳಿಸಿದ್ದಾರೇನೋ ಅಂತ ಅನುಮಾನ. ಎಲ್ಲಿ ಎಡವಿದೀನಿ?

ಜಯನಗರ, ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು:

ಮಾಲ್ಟ್ ಹಳೇದಾದರೆ ಮುಗ್ಗಲು ವಾಸನೆ ಬರಬಹುದು, ಆಸ್ಪತ್ರೆ ವಾಸನೆ ಬರೋದಿಲ್ಲ. ಮಾಲ್ಟ್ ಕಳಿಸಿದವರನ್ನ ಸದ್ಯಕ್ಕೆ ಬಿಟ್ಟುಬಿಡಿ. ನಿಮ್ಮದು ಕ್ಲೋರೋಫೀನಾಲ್. ನೀರಿನಲ್ಲಿರೋ ಕ್ಲೋರಿನ್, ಮಾಲ್ಟ್ ಸಿಪ್ಪೆಯಿಂದ ಬರೋ ಫೀನಾಲ್‌ಗಳು, ಇವೆರಡೂ ಕೂಡಿಕೊಂಡರೆ ಹುಟ್ಟೋ ವಸ್ತು. ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮೂಗು ಹಿಡಿಯುತ್ತೆ. ಅದಕ್ಕೇ ಬೇರೆ ಕೆಲವು ದೋಷಗಳನ್ನ ಕಾದು ಸರಿಮಾಡಿಕೊಳ್ಳಬಹುದು, ಇದನ್ನ ಆಗೋಲ್ಲ. ಎರಡು ತಿಂಗಳು ಫ್ರಿಜ್‌ನಲ್ಲಿಟ್ಟರೂ ಹಾಗೇ ಇರುತ್ತೆ.

"ಒಂದು ಗಂಟೆ ಕುದಿಸ್ತೀನಲ್ಲ, ಕ್ಲೋರಿನ್ ಹೋಗಲ್ವಾ?" ಅಂತ ಕೇಳ್ತೀರಿ. ಹೋಗುತ್ತೆ, ಬರೀ ನೀರನ್ನ ಮೊದಲೇ ಕುದಿಸಿದ್ದರೆ. ನೀವು ಕುದಿಸೋದು ಮಾಲ್ಟ್ ನೆನೆಸಿ ಸೋಸಿದ ಮೇಲೆ. ಅಷ್ಟೊತ್ತಿಗೆ ಮದುವೆ ಮುಗಿದು ಊಟಾನೂ ಆಗಿರುತ್ತೆ.

ಒಂದು ಸುಲಭದ ಪರೀಕ್ಷೆ ಹೇಳ್ತೀನಿ. ಅದೇ ನಲ್ಲಿ ನೀರಲ್ಲಿ ಹಾಲಿಲ್ಲದೆ, ಸಕ್ಕರೆ ಇಲ್ಲದೆ ಟೀ ಮಾಡಿ. ನೀರು ಹೆಚ್ಚು ಕುದಿಸಬೇಡಿ, ಕುದಿ ಬಂದ ತಕ್ಷಣ ಎಲೆಯ ಮೇಲೆ ಸುರಿಯಿರಿ. ಪಕ್ಕದಲ್ಲಿ ಕ್ಯಾನ್ ನೀರಿನ ಟೀ ಒಂದು ಲೋಟ ಇಟ್ಟುಕೊಳ್ಳಿ. ಟೀ ಸೊಪ್ಪಿನಲ್ಲೂ ಫೀನಾಲ್ ಜಾತಿಯವೇ ತುಂಬಿವೆ, ಕ್ಲೋರಿನ್ ಜೋರಾಗಿದ್ದರೆ ಟೀನಲ್ಲೂ ಔಷಧಿ ವಾಸನೆ ಗೊತ್ತಾಗುತ್ತೆ. ಕುಡಿಯೋ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತಲೇ ಭಾರತೀಯ ಮಾನಕ ಹೇಳೋದು. ಕಾವೇರಿ ನೂರು ಕಿಲೋಮೀಟರ್ ಪೈಪಲ್ಲಿ ಬರಬೇಕಲ್ಲ. ಹಾಗಾಗಿ ಇದು ನೀರಿನ ದೋಷ ಅಲ್ಲ. ಕುಡಿಯೋಕೆ ಸರಿಯಾಗಿರೋ ನೀರು ಬಿಯರ್‌ಗೆ ಸರಿ ಹೊಂದಲ್ಲ, ಅಷ್ಟೇ.

ಇನ್ನೊಂದು ಪ್ರಶ್ನೆ: ಡಿಸೆಂಬರ್‌ಗೂ ಫೆಬ್ರವರಿಗೂ ಮಧ್ಯೆ ನಿಮ್ಮ ಕಟ್ಟಡದಲ್ಲಿ ಸಂಪ್ ತೊಳೆಸಿದರಾ?

ಮಲ್ಲೇಶ್ವರಂ, ಮೂರನೇ ಮಹಡಿ:

ಮೇಷ್ಟ್ರೇ, ಕೈ ಮುಗಿದೆ. ಸಂಕ್ರಾಂತಿ ಕಳೆದ ವಾರ ಸಂಪ್, ಮೇಲಿನ ಟ್ಯಾಂಕ್ ಎರಡೂ ತೊಳೆಸಿದರು. ಆವತ್ತಿಂದ ತಿಂಗಳಿಗೊಂದು ಸಲ ವಾಚ್‌ಮನ್ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕ್ತಾನೆ, ಅಳತೆ ಅವನ ಬೊಗಸೆ. ಇನ್ನೊಂದು ವಿಷಯ ಹೇಳೋಕೆ ನಾಚಿಕೆ ಆಗ್ತಿದೆ. ಎರಡನೇ ಸಲದಿಂದ "ಶುದ್ಧವಾಗಿರಲಿ" ಅಂತ ನಾನೂ ಬಕೆಟ್, ಪೈಪ್ ಎಲ್ಲ ಬ್ಲೀಚಿಂಗ್ ಪೌಡರ್ ನೀರಲ್ಲೇ ತೊಳೀತಿದ್ದೆ. ಆಮೇಲೆ ನಲ್ಲಿ ನೀರಲ್ಲಿ ಒಂದು ಸಲ ಜಾಲಿಸೋದು.

ಜಯನಗರ, ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು:

ಒಬ್ಬ ಕಳ್ಳನನ್ನ ಹುಡುಕಿದರೆ ಇಬ್ಬರು ಸಿಕ್ಕರು.

ಪರಿಹಾರ ಕಷ್ಟದ್ದಲ್ಲ. ಜ್ಯೂಸ್, ಸ್ಕ್ವಾಷ್ ಕೆಡದ ಹಾಗೆ ಹಾಕ್ತಾರಲ್ಲ, ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಬೇಕಿಂಗ್ ಸಾಮಾನು ಮಾರೋ ಅಂಗಡೀಲಿ ಕೇಳಿ. 25 ಲೀಟರ್ ನೀರಿಗೆ ಕಾಲು ಗ್ರಾಂ ಕೂಡ ಬೇಡ, ಅದರಲ್ಲೂ ಸ್ವಲ್ಪ ಕಮ್ಮಿ. ಮಾಲ್ಟ್ ಹಾಕೋ ಮೊದಲು ನೀರಿಗೆ ಹಾಕಿ ಕಲಕಿ, ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತೆ. ಕ್ಲೋರಮಿನ್ (ಕ್ಲೋರಿನ್‌ದೇ ಇನ್ನೊಂದು ರೂಪ) ಇದ್ದರೆ ಅದು ಬರೀ ಕುದಿಸಿದರೆ ಸುಲಭವಾಗಿ ಹೋಗಲ್ಲ, ಕೆಎಂಎಸ್ ಅದನ್ನೂ ತೆಗೆಯುತ್ತೆ. ಡಬ್ಬಿ ಮುಚ್ಚಳ ತೆಗೆದು ಮೂಗಿಗೆ ಹಿಡಿದು ನೋಡೋ ಸಾಹಸ ಬೇಡ, ಮನೇಲಿ ಆಸ್ತಮಾ ಇರೋರಿದ್ದರೆ ಅವರಿಂದ ದೂರ ಇಡಿ. ಬ್ಲೀಚಿಂಗ್ ಪೌಡರ್ ಬಾತ್‌ರೂಮ್‌ಗೆ ಇರಲಿ.

ಕೋರಮಂಗಲ:

ನನಗೇನೋ ಇದು ಕಾಡು ಯೀಸ್ಟ್ ಅನ್ಸುತ್ತೆ. ನನ್ನದರಲ್ಲೂ ಫೀನಾಲ್ ವಾಸನೆ ಬಂದಿತ್ತು, ನೀರು ಬದಲಾಯಿಸಿದರೂ ಹೋಗ್ಲಿಲ್ಲ. ಬಕೆಟ್ ಬದಲಾಯಿಸಿದ ಮೇಲೇ ಹೋಗಿದ್ದು.

ಇಂದಿರಾನಗರ, ಹಿಂದೆ ಬ್ರೂಪಬ್‌ನಲ್ಲಿ ಕೆಲಸ ಮಾಡಿದೋನು:

ಕೋರಮಂಗಲದವರು ಹೇಳಿದ್ದೂ ಆಗೋ ಮಾತೇ, ಆದರೆ ಎರಡನ್ನ ಬೇರೆ ಮಾಡಿ ನೋಡೋಕೆ ಬರುತ್ತೆ. ಕಾಡು ಯೀಸ್ಟ್ ತರೋದು ಹೆಚ್ಚಾಗಿ ಲವಂಗ, ಹೊಗೆ ಆ ಕಡೆಯ ವಾಸನೆ. ಗೋಧಿ ಬಿಯರ್‌ನಲ್ಲಿ ಬೇಕು ಅಂತಲೇ ತರಿಸೋ ಲವಂಗದ ವಾಸನೆಯೂ ಇದೇ ಜಾತಿ, ಅಲ್ಲಿ ಅದು ದೋಷ ಅಲ್ಲ. ಜೊತೆಗೆ ಕಾಡು ಯೀಸ್ಟ್ ಸುಮ್ಮನೆ ಕೂರೋ ಜೀವ ಅಲ್ಲ. ಬಾಟಲಿಯಲ್ಲೂ ಉಳಿದ ಸಕ್ಕರೆ ತಿಂತಾ ಹೋಗುತ್ತೆ. ವಾರ ವಾರಕ್ಕೆ ವಾಸನೆ ಬದಲಾಗ್ತಾ, ಗ್ಯಾಸ್ ಜಾಸ್ತಿಯಾಗ್ತಾ, ಮುಚ್ಚಳ ತೆಗೆದರೆ ಕಾರಂಜಿ ಥರ ಚಿಮ್ಮುತ್ತೆ. ಕ್ಲೋರೋಫೀನಾಲ್ ಮೊದಲ ದಿನ ಹೇಗಿರುತ್ತೋ ಕೊನೆ ದಿನವೂ ಹಾಗೇ. ಮಲ್ಲೇಶ್ವರಂನವರೇ, ಎರಡನೇ ಬ್ಯಾಚಿನ ಬಾಟಲಿ ಉಳಿದಿದ್ದರೆ ಒಂದು ತೆಗೆದು ನೋಡಿ. ಉಕ್ಕಲಿಲ್ಲ ಅಂದರೆ ಮೇಷ್ಟ್ರು ಹೇಳಿದ್ದೇ ಸರಿ. ಉಕ್ಕಿದರೆ ಉಳಿದವನ್ನೂ ಫ್ರಿಜ್‌ಗೆ ಹಾಕಿ, ಬಾಟಲಿ ಸಿಡಿದರೆ ತಮಾಷೆ ಅಲ್ಲ.

ಬಕೆಟ್ ಅನುಮಾನ ಇದ್ದರೆ ಮೊದಲು ನೋಡಬೇಕಾದ್ದು ಕೆಳಗಿನ ನಲ್ಲಿಯನ್ನ. ಎಲ್ಲರೂ ಬಕೆಟ್ ಒಳಗೆ ಫಳಫಳ ತೊಳೀತಾರೆ, ನಲ್ಲಿ ಬಿಚ್ಚೋರೇ ಇಲ್ಲ. ನಾನೊಂದು ಸಲ ಬಿಚ್ಚಿದೆ, ಒಳಗಿದ್ದಿದ್ದನ್ನ ಇಲ್ಲಿ ವರ್ಣಿಸೋದು ಬೇಡ. ಪ್ಲಾಸ್ಟಿಕ್ ಬಕೆಟ್‌ಗೆ ಸ್ಕ್ರಬ್ಬರ್ ತಾಕಿಸಲೇಬೇಡಿ, ಗೀರು ಬಿದ್ದರೆ ಅಲ್ಲಿ ಹುಳಿ ಬ್ಯಾಕ್ಟೀರಿಯಾ ಮನೆ ಮಾಡುತ್ತೆ. ಮೊದಲು ಮಡ್ಡಿ ಹೋಗೋ ಹಾಗೆ ತೊಳೀಬೇಕು, ಆಮೇಲೆ ಸ್ಯಾನಿಟೈಸ್ ಮಾಡಬೇಕು. ಇವೆರಡೂ ಬೇರೆ ಬೇರೆ ಕೆಲಸ. ಸ್ಟಾರ್ ಸ್ಯಾನ್ ಅನ್ನೋ ಸ್ಯಾನಿಟೈಸರ್ ಸಿಕ್ಕರೆ ಲೀಟರಿಗೆ ಒಂದೂವರೆ ಮಿಲಿ ಸಾಕು, ಆಮೇಲೆ ಜಾಲಿಸೋ ಹಾಗೂ ಇಲ್ಲ.

ಒಗರಿನ ಬಗ್ಗೆ ರಾತ್ರಿ ಬರೀತೀನಿ, ಅದಕ್ಕೆ ನನ್ನ ಅನುಮಾನ ನಿಮ್ಮ ಮಿಕ್ಸಿ ಮೇಲೆ.

ಯಲಹಂಕ, ಊರು ಹುಬ್ಬಳ್ಳಿ:

ಎಲ್ಲಾರೂ ನೀರಿನ ಹಿಂದ ಬಿದ್ದೀರಿ, ಆ ಹಸಿರು ಸೇಬಿನ ಬಗ್ಗೆ ಯಾರೂ ಮಾತಾಡವಲ್ರಿ. ನೋಡ್ರಿ, ಡಿಸೆಂಬರ್‌ದಾಗ ಬೆಂಗಳೂರಿನ ಸ್ಟೋರ್ ರೂಮ್ ಅಂದ್ರ ಯೀಸ್ಟಿಗೆ ಮಾವನ ಮನಿ. ಏಪ್ರಿಲ್‌ದಾಗ ಅದ ಖೋಲಿ 30 ಡಿಗ್ರಿ ದಾಟತೈತಿ. ಅದು ಖೋಲಿ ಲೆಕ್ಕ. ಹುದುಗು ಜೋರಾದಾಗ ಬಕೆಟ್ ಒಳಗ ಇನ್ನೂ ಮೂರರಿಂದ ಐದು ಡಿಗ್ರಿ ಜಾಸ್ತಿ ಇರತೈತಿ. ಯುಎಸ್-05 ಪ್ಯಾಕೆಟ್ ಮ್ಯಾಲೆ 18ರಿಂದ 26 ಅಂತ ಬರದಿರತೈತಿ, ನಿಮ್ಮದು 34ಕ್ಕ ಕುದ್ದೈತಿ. ಎರಡ ದಿನದಾಗ ಗುಳುಗುಳು ಅಂದು ಸುಮ್ಮನಾಗಿರಬೇಕು, ಹೌದಲ್ಲೋ?

ನಂದೂ ಹಂಗ ಆಗಿತ್ರಿ. ಉಗುರಿನ ಬಣ್ಣ ಅಳಸೋ ಎಣ್ಣಿ ವಾಸನಿ, ಒಂದ ಗ್ಲಾಸಿಗೆ ಮುಂಜಾನಿ ತಲಿ ಹಿಡಕೊಂಡು ಕುಂತಿದ್ದೆ. ಬಿಸಿಯಾದ ಯೀಸ್ಟ್ ಬ್ಯಾರೆ ಬ್ಯಾರೆ ಆಲ್ಕೋಹಾಲ್ ಹುಟ್ಟಸತೈತಿ, ಅದು ಎಷ್ಟ ದಿನ ಇಟ್ರೂ ಹೋಗೂದಿಲ್ಲ.

ಹಳೇ ಫ್ರಿಜ್‌ಗೆ ಕಂಟ್ರೋಲರ್ ಹಚ್ಚಿದ್ರ ಭಾಳ ಚಲೋ. ನನಗ ಜಾಗಾ ಇಲ್ಲ, ಹಿಂಗಾಗಿ ಹಳ್ಳಿ ಉಪಾಯ. ಬಕೆಟ್‌ನ ಅಗಲ ಟಬ್ಬಿನಾಗ ಇಟ್ಟು ಅರ್ಧಕ್ಕ ನೀರು ಹಾಕತೇನಿ. ಹಳೇ ಲುಂಗಿ ಸುತ್ತಿ ಅದರ ತುದಿ ನೀರಾಗ ಬಿಡೂದು. ಎದುರಿಗೆ ಟೇಬಲ್ ಫ್ಯಾನ್. ಮುಂಜಾನಿ ಸಂಜಿ ಎರಡೆರಡು ಐಸ್ ಬಾಟಲಿ ಟಬ್ಬಿಗೆ. ಹೋದ ಏಪ್ರಿಲ್‌ದಾಗ ಖೋಲಿ 31 ಇದ್ದಾಗ ಬಕೆಟ್ ಮೈ 23 ತೋರಿಸ್ತು. ಬ್ಯಾಸಗಿಯಾಗ ಗಾಳಿ ಒಣ ಇರತೈತಲ್ಲ, ಅದಕ್ಕ ಭೇಷ್ ಕೆಲಸ ಮಾಡತೈತಿ. ಮಳಿಗಾಲದಾಗ ಅಷ್ಟ ನಡಿಯೂದಿಲ್ಲ, ಆದ್ರ ಆವಾಗ ಅಷ್ಟ ಬೇಕಾಗೂದೂ ಇಲ್ಲ. ಮೊದಲ ಮೂರ ದಿನ ತಣ್ಣಗ ಇಟ್ರ ಸಾಕು, ರುಚಿ ಕೆಡೂದೆಲ್ಲ ಆವಾಗ.

ಕೆ.ಆರ್. ಪುರಂ:

ಅಥವಾ ಬಿಸಿಲಿಗೆ ಹೆದರದ ಯೀಸ್ಟ್ ತಗೊಳಿ ಗುರೂ. ನಾರ್ವೆ ಹಳ್ಳಿಮನೆಗಳಲ್ಲಿ ಕಾಪಾಡಿಕೊಂಡು ಬಂದ ಕ್ವೈಕ್ ಅಂತ ಇದೆ. ಅದರಲ್ಲಿ ವಾಸ್ ಅನ್ನೋದು 35ರಿಂದ 40 ಡಿಗ್ರಿಯಲ್ಲೇ ಖುಷಿಯಾಗಿರುತ್ತೆ, ಸ್ವಲ್ಪ ಕಿತ್ತಳೆ ವಾಸನೆ ಕೊಡುತ್ತೆ. ಮಾರ್ಚ್‌ನಿಂದ ಮೇವರೆಗೆ ನಾನು ಬೇರೆ ಯೀಸ್ಟ್ ಮುಟ್ಟೋದೇ ಇಲ್ಲ. ಕರೆಂಟ್ ಹೋದರೂ ಚಿಂತೆ ಇಲ್ಲ.

ಯಲಹಂಕ, ಊರು ಹುಬ್ಬಳ್ಳಿ:

ಅದೂ ಖರೇನ ರೀ. ಆದ್ರ ವರ್ಷಪೂರ್ತಿ ಕಿತ್ತಳಿ ಕುಡಿಯಾಕ ಬ್ಯಾಸರ ಆಗತೈತಿ.

ಬಸವನಗುಡಿ, ದೋಸೆ ಹಿಟ್ಟಿನ ಮನೆ:

ನಾನು ಹೆಂಗಸು, ಮನೇಲಿ ಬಿಯರ್ ಮಾಡೋದು ನಾನೇ, ಆಶ್ಚರ್ಯಪಡೋರು ಪಟ್ಟು ಮುಗಿಸಿ.

ಹಸಿರು ಸೇಬಿಗೆ ಬಿಸಿ ಒಂದೇ ಕಾರಣ ಅಲ್ಲ. ಆ ವಾಸನೆಯ ಹೆಸರು ಅಸಿಟಾಲ್ಡಿಹೈಡ್. ಯೀಸ್ಟು ಸಕ್ಕರೆಯನ್ನ ಆಲ್ಕೋಹಾಲ್ ಮಾಡೋ ದಾರೀಲಿ ಮಧ್ಯದ ಮೆಟ್ಟಿಲು ಅದು. ಕೆಲಸ ಮುಗಿಸೋಕೆ ಬಿಟ್ಟರೆ ಯೀಸ್ಟೇ ಅದನ್ನ ವಾಪಸ್ ತಗೊಂಡು ಮುಗಿಸುತ್ತೆ. ನೀವು ಏಳನೇ ದಿನಕ್ಕೇ ಯೀಸ್ಟ್ ಗಸಿಯಿಂದ ಬೇರೆ ಮಾಡಿ ಬಾಟಲಿಗೆ ತುಂಬಿದ್ದೀರಿ. ಉಬ್ಬೋಕೆ ಮುಂಚೆ ಹಿಟ್ಟನ್ನ ಇಡ್ಲಿ ತಟ್ಟೆಗೆ ಹಾಕಿದ ಹಾಗೆ. ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಗೆ ಬಿಡೋ ಮುಚ್ಚಳದ ಕೊಳವೆ) ಗುಳ್ಳೆ ನಿಂತಿತು ಅಂದರೆ ಮುಗೀತು ಅಂತಲ್ಲ. ಉಳಿದ ಸಕ್ಕರೆ ಎಷ್ಟು ಅಂತ ತೋರಿಸೋ ಹೈಡ್ರೋಮೀಟರ್ ಹಾಕಿ ನೋಡಿ, ಮೂರು ದಿನ ಬಿಟ್ಟು ಮತ್ತೆ ನೋಡಿ. ಅಂಕಿ ಕದಲಲಿಲ್ಲ ಅಂದಮೇಲೂ ನಾನು ಇನ್ನೂ ಮೂರು ದಿನ ಬಿಡ್ತೀನಿ. ಒಟ್ಟು ಎರಡು ವಾರ.

ನನ್ನ ಕಾಟ ಬೇರೇನೇ ಇತ್ತು: ಬೆಣ್ಣೆ. ತುಪ್ಪ ಕಾಯಿಸೋ ಬೆಣ್ಣೆ ಅಲ್ಲ, ಸಿನಿಮಾ ಟಾಕೀಸಿನ ಪಾಪ್‌ಕಾರ್ನ್ ಮೇಲಿನ ಬೆಣ್ಣೆ. ಅದು ಡೈಅಸಿಟೈಲ್. ಮೋಸಗಾರ ಅದು. ಬಾಟಲಿ ತುಂಬೋ ದಿನ ವಾಸನೆಯೇ ಇರಲ್ಲ, ಹದಿನೈದು ದಿನಕ್ಕೆ ಪ್ರತ್ಯಕ್ಷ ಆಗುತ್ತೆ. ಯಾಕೆಂದರೆ ವಾಸನೆ ಇಲ್ಲದ ಅದರ ಪೂರ್ವರೂಪ ಬಿಯರ್‌ನಲ್ಲಿ ಉಳಿದಿರುತ್ತೆ, ನಿಧಾನವಾಗಿ ಬೆಣ್ಣೆಯಾಗುತ್ತೆ. ಅದನ್ನ ಮೊದಲೇ ಹಿಡಿಯೋಕೆ ನಾನು ಮಾಡೋದು ಇಷ್ಟು. ಎರಡು ಸಣ್ಣ ಸ್ಟೀಲ್ ಡಬ್ಬಿಗೆ ಬಿಯರ್ ಹಾಕಿ ಮುಚ್ಚಳ ಮುಚ್ತೀನಿ. ಒಂದನ್ನ 60–70 ಡಿಗ್ರಿ ಬಿಸಿ ನೀರಲ್ಲಿ ಇಪ್ಪತ್ತು ನಿಮಿಷ ಇಟ್ಟು ಆಮೇಲೆ ತಣಿಸ್ತೀನಿ. ಇನ್ನೊಂದು ಹಾಗೇ ಇರುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮೂಸಿದಾಗ ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಬಾಟಲಿ ತುಂಬೋದು ಮುಂದಕ್ಕೆ ಹೋಗುತ್ತೆ. ಬಕೆಟ್ಟನ್ನ ಸ್ವಲ್ಪ ಬೆಚ್ಚಗಿನ ಜಾಗದಲ್ಲಿ ಎರಡು ಮೂರು ದಿನ ಇಟ್ಟರೆ ಯೀಸ್ಟೇ ಅದನ್ನ ತಿಂದು ಹಾಕುತ್ತೆ.

ಮೂಸೋ ಕೆಲಸ ನಮ್ಮತ್ತೆದು. ಅವರು ಒಂದು ಹನಿಯೂ ಕುಡಿಯಲ್ಲ, ಆದರೆ ಹಿಟ್ಟು ಎಷ್ಟು ಹೊತ್ತಿಗೆ ಹುಳಿ ಬಂತು ಅಂತ ಪಾತ್ರೆ ಮುಚ್ಚಳ ತೆಗೆಯದೆ ಹೇಳೋ ಮೂಗು ಅದು. "ಇದು ಕಮಟು", "ಇದು ಹಳಸು", "ಇದು ಬರೀ ಹುಳಿ, ಕೆಟ್ಟಿಲ್ಲ" ಅಂತ ಅವರು ಬೇರೆ ಬೇರೆ ಹೇಳೋದು ಕೇಳಿಯೇ ನಾನು ಕಲಿತಿದ್ದು. ಕೆಟ್ಟ ಬ್ಯಾಚಿನದ್ದು ಎರಡು ಬಾಟಲಿ ಎತ್ತಿಟ್ಟುಕೊಳ್ಳಿ. ಮುಂದಿನ ಸಲ ಹೋಲಿಸೋಕೆ ಬೇಕಾಗುತ್ತೆ.

ಮತ್ತೆ ದಯವಿಟ್ಟು ದೋಸೆಗೆ ರುಬ್ಬೋ ದಿನ ಬಿಯರ್ ತಣಿಸೋಕೆ ಇಡಬೇಡಿ. ಹಿಟ್ಟು ಹುಳಿ ಬರಿಸೋ ಬ್ಯಾಕ್ಟೀರಿಯಾಗೆ ನಿಮ್ಮ ಆರಿದ ಮಾಲ್ಟ್ ರಸ ಅಂದರೆ ಹಬ್ಬ. ಒಂದು ಸಲ ಎರಡನ್ನೂ ಒಂದೇ ಕಟ್ಟೆ ಮೇಲೆ ಮಾಡಿದೆ, 20 ಲೀಟರ್ ಮಜ್ಜಿಗೆ ಹುಳಿ ಬಂತು.

ವಿಜಯನಗರ:

ಮೇಡಂ, ಅದಕ್ಕೆ ಸಾಸಿವೆ ಒಗ್ಗರಣೆ ಹಾಕಬೇಕಿತ್ತು.

ರಾಜಾಜಿನಗರ:

ಮಧ್ಯೆ ಬಾಯಿ ಹಾಕ್ತೀನಿ. ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋ ಹಾಗಿಲ್ಲ. ಮನೇಲಿ ಮಾಡೋರು ಇದನ್ನ ತಿಳಿದುಕೊಂಡಿರಿ. ಮಾರೋದಂತೂ ಕನಸಲ್ಲೂ ಬೇಡ.

ಇಂದಿರಾನಗರ, ಹಿಂದೆ ಬ್ರೂಪಬ್‌ನಲ್ಲಿ ಕೆಲಸ ಮಾಡಿದೋನು:

ಈಗ ಒಗರು. ಇದು ಕಹಿ ಅಲ್ಲ, ಮೊದಲು ಅದನ್ನ ಬೇರೆ ಮಾಡ್ಕೊಳಿ. ಕಹಿ ಹಾಪ್ಸ್‌ದು. ಒಗರು ಬಾಯಿ ಒಣಗಿಸುತ್ತೆ, ಹಸಿ ಅಡಿಕೆ ಥರ. ಮಾಲ್ಟ್ ಸಿಪ್ಪೆ ಟ್ಯಾನಿನ್ ಅನ್ನೋ ಒಗರಿನ ಅಂಶ ಬಿಟ್ಟುಕೊಂಡಾಗ ಹೀಗಾಗುತ್ತೆ.

ಮಿಕ್ಸಿ ಬ್ಲೇಡು ಕಾಳಿನ ಜೊತೆ ಸಿಪ್ಪೇನೂ ಪುಡಿ ಮಾಡುತ್ತೆ. ನಮಗೆ ಬೇಕಿರೋದು ಕಾಳು ಒಡೀಬೇಕು, ಸಿಪ್ಪೆ ಇಡಿಯಾಗಿ ಉಳೀಬೇಕು. ರೋಲರ್ ಗಿರಣಿ ಇಲ್ಲದಿದ್ದರೆ ಮಾಲ್ಟ್‌ಗೆ ಅದರ ತೂಕದ ಶೇ. 2ರಷ್ಟು ನೀರು ಚಿಮುಕಿಸಿ, ನಿಮ್ಮ ನಾಲ್ಕೂವರೆ ಕೆಜಿಗೆ 90 ಮಿಲಿ. ಕೈಯಾಡಿಸಿ ಹತ್ತು ಹದಿನೈದು ನಿಮಿಷ ಬಿಡಿ. ಸಿಪ್ಪೆ ಮೆತ್ತಗಾಗಿ ಸುಲಭಕ್ಕೆ ಪುಡಿಯಾಗಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ, ಮಿಕ್ಸಿ ಹಿಂದಕ್ಕೆ ತಿರುಗಿಸಿ ತಿರುಗಿಸಿ ಬಿಡಿ. ಬೀದಿ ಕೊನೆಯ ಹಿಟ್ಟಿನ ಗಿರಣಿಗೆ ಹೋಗಬೇಡಿ. ನಾನು ಹೋಗಿದ್ದೆ. ನನಗಿಂತ ಮುಂಚೆ ಯಾರೋ ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡಿಸಿದ್ದರು. ಆ ಬಿಯರ್‌ನ ಬಣ್ಣ ಮಾತ್ರ ಚೆನ್ನಾಗಿತ್ತು.

ಎರಡನೇ ಕಾರಣ ಮತ್ತೆ ನೀರೇ, ಆದರೆ ಕ್ಲೋರಿನ್ ಅಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಸಂಪ್‌ಗೆ ಟ್ಯಾಂಕರ್ ನೀರು ಬಂತಾ? ಟ್ಯಾಂಕರ್ ಅಂದರೆ ಬೋರ್‌ವೆಲ್, ಬೋರ್‌ವೆಲ್ ಅಂದರೆ ಬೈಕಾರ್ಬೊನೇಟ್. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಆ ನೀರು. ಅದರಲ್ಲಿ ಮಾಲ್ಟ್ ನೆನೆಸಿದರೆ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಮ್ಮಿ) 5.2–5.6ರ ಒಳಗೆ ಇಳಿಯೋದೇ ಇಲ್ಲ. ಪಿಎಚ್ 6 ದಾಟಿದ ನೀರು, ಅದೂ 77 ಡಿಗ್ರಿಗಿಂತ ಬಿಸಿ ನೀರು ಹಾಕಿ ಮಾಲ್ಟ್ ತೊಳೆದರೆ ಸಿಪ್ಪೆಯಿಂದ ಒಗರು ಹಿಂಡಿ ತೆಗೆದ ಹಾಗೆ. ಕಪ್ಪು ಮಾಲ್ಟ್ ಹಾಕೋ ಸ್ಟೌಟ್‌ಗೆ ಇದೇ ನೀರು ಅಷ್ಟು ತೊಂದರೆ ಕೊಡಲ್ಲ, ಹುರಿದ ಮಾಲ್ಟ್‌ನ ಹುಳಿಯೇ ಪಿಎಚ್ ಇಳಿಸುತ್ತೆ. ತಿಳಿ ಬಣ್ಣದ ಬಿಯರ್‌ಗೇ ಕಷ್ಟ.

ಹಾಗಂತ ಪೂರ್ತಿ ಆರ್‌ಓ ನೀರಿಗೆ ಹಾರಬೇಡಿ. ಅದರಲ್ಲಿ ಏನೂ ಇರಲ್ಲ, ಬಿಯರ್ ಸಪ್ಪೆ ಹೊಡೆಯುತ್ತೆ. ಅರ್ಧ ಆರ್‌ಓ, ಅರ್ಧ ನಲ್ಲಿ, ಒಂದು ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್. ಪಿಎಚ್ ಇನ್ನೂ ಮೇಲಿದ್ದರೆ ಲ್ಯಾಕ್ಟಿಕ್ ಆಸಿಡ್, ಒಂದೊಂದು ಮಿಲಿ ಹಾಕಿ ಅಳೆದು ಅಳೆದು.

ಒಂದೇ ಸಲ ಎಲ್ಲಾ ಬದಲಾಯಿಸಿದರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ. ಆದರೆ ಮೂರು ಬ್ಯಾಚ್ ಹಾಳಾದೋರಿಗೆ ಆ ಉಪದೇಶ ಹೇಳೋಕೆ ನನಗೆ ಮನಸ್ಸು ಬರ್ತಿಲ್ಲ. ಕ್ಲೋರಿನ್, ಬಿಸಿ ಇವೆರಡನ್ನ ಮೊದಲು ಕಳೀರಿ. ಒಗರನ್ನ ಆಮೇಲೆ ಬೆನ್ನು ಹತ್ತೋಣ.

ಹನುಮಂತನಗರ:

ಬಾಟಲಿ ಬಾಲ್ಕನಿಯಲ್ಲಿ ಇಡಬೇಡಿ ಅನ್ನೋದೊಂದೇ ನನ್ನ ಪಾಲು. ಹಸಿರು ಬಾಟಲಿ ಚೆಂದ ಅಂತ ತುಂಬಿಸಿ ಬಿಸಿಲಿಗಿಟ್ಟು ಒಂದೇ ಮಧ್ಯಾಹ್ನದಲ್ಲಿ ಗಬ್ಬೆಬ್ಬಿಸಿಕೊಂಡೆ. ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ವಾಸನೆ ಬರುತ್ತೆ. ಕಂದು ಬಣ್ಣದ 650 ಮಿಲಿ ಬಾಟಲಿಯೇ ವಾಸಿ, ಗುಜರಿಯವರ ಹತ್ತಿರ ಬೇಕಾದಷ್ಟು.

ಮಲ್ಲೇಶ್ವರಂ, ಮೂರನೇ ಮಹಡಿ:

ಆರು ವಾರ ಆಯ್ತು, ವರದಿ ಒಪ್ಪಿಸ್ತಿದೀನಿ.

ಟೀ ಪರೀಕ್ಷೆ ಮಾಡಿದೆ. ಮೇಷ್ಟ್ರೇ, ಎರಡು ಗುಟುಕು ಬೇಕಾಗಲಿಲ್ಲ. ಇಷ್ಟು ದಿನ ಹಾಲು ಸಕ್ಕರೆ ಹಾಕಿ ಅದನ್ನೇ ಕುಡೀತಿದ್ವಿ. ಎರಡನೇ ಬ್ಯಾಚಿನ ಬಾಟಲಿ ತೆಗೆದೆ, ಉಕ್ಕಲಿಲ್ಲ, ವಾಸನೆ ಫೆಬ್ರವರಿಯಲ್ಲಿ ಹೇಗಿತ್ತೋ ಹಾಗೇ. ವಾಚ್‌ಮನ್‌ಗೆ ಬೊಗಸೆ ಬದಲು ಒಂದು ಚಮಚ ಕೊಟ್ಟಿದ್ದೀವಿ.

ಐದನೇ ಬ್ಯಾಚ್: ನೀರಿಗೆ ಕೆಎಂಎಸ್, ಬ್ಲೀಚಿಂಗ್ ಪೌಡರ್ ಬಂದ್, ಬಕೆಟ್‌ನ ಕೆಳಗಿನ ನಲ್ಲಿ ಬಿಚ್ಚಿ ತೊಳೆದೆ (ಇಂದಿರಾನಗರದವರು ಯಾಕೆ ವರ್ಣಿಸಲಿಲ್ಲ ಅಂತ ಅರ್ಥ ಆಯ್ತು). ಟಬ್ಬು, ಲುಂಗಿ, ಫ್ಯಾನು, ಐಸು. ಮೇ ಕೊನೆಗೆ ಮಳೆ ಬಂದು ಅರ್ಧ ಕೆಲಸ ಅದೇ ಮಾಡ್ತು, 22 ಡಿಗ್ರಿ ದಾಟಲಿಲ್ಲ. ಹದಿನಾರನೇ ದಿನ ಬಾಟಲಿ ತುಂಬಿದೆ, ಸ್ಟೀಲ್ ಡಬ್ಬಿ ಪರೀಕ್ಷೆ ಆದಮೇಲೆ.

ಆಸ್ಪತ್ರೆ ಪೂರ್ತಿ ಹೋಯ್ತು. ಹಸಿರು ಸೇಬೂ ಇಲ್ಲ. ಒಗರು ಇದೆ, ಮೊದಲಿಗಿಂತ ಅರ್ಧ. ಹೌದು, ಏಪ್ರಿಲ್‌ನಿಂದ ಟ್ಯಾಂಕರ್ ಬರ್ತಿತ್ತು, ಮಳೆ ಬಂದಮೇಲೆ ನಿಲ್ಲಿಸಿದ್ದಾರೆ. ಮಾಲ್ಟ್ ನೆನೆಸೋದನ್ನ ಈ ಸಲ ಬೇಕಂತಲೇ ಬದಲಾಯಿಸಲಿಲ್ಲ. ಪಿಎಚ್ ಪಟ್ಟಿ 5.8ರ ಹತ್ತಿರ ತೋರಿಸ್ತು, ಆ ಪಟ್ಟಿಯ ಬಣ್ಣ ನೋಡಿ ನಾನೂ ನನ್ನ ಹೆಂಡತಿಯೂ ಎರಡು ಬೇರೆ ಅಂಕಿ ಹೇಳಿದ್ವಿ ಅನ್ನೋದು ಬೇರೆ ಮಾತು. ಆರನೇ ಬ್ಯಾಚ್‌ಗೆ ಅರ್ಧ ಆರ್‌ಓ, 90 ಮಿಲಿ ಚಿಮುಕಿಸಿದ ಮಾಲ್ಟ್.

ಭಾವಮೈದ ಭಾನುವಾರ ಬರ್ತಾನೆ. ಬಸವನಗುಡಿ ಮೇಡಂ ಹೇಳಿದ ಹಾಗೆ ಎರಡನೇ ಬ್ಯಾಚಿನ ಎರಡು ಬಾಟಲಿ ಎತ್ತಿಟ್ಟಿದ್ದೀನಿ. ಕ್ಲೋರೋಫೀನಾಲ್ ಹೇಗಿರುತ್ತೆ ಅಂತ ಮೂಸಿ ನೋಡಬೇಕಾದೋರು ಯಾರಾದರೂ ಇದ್ದರೆ ತಿಳಿಸಿ.